ರಸ್ತೆ ಗುಂಡಿ ಮುಚ್ಚುವ ಮುಂಚೆ ನೀರು ಎಲ್ಲಿಂದ ಬಂತು ನೋಡಿ

ನಮ್ಮ ಬಡಾವಣೆ ಮಂಡ್ಯ ಊರಾಚೆ ಇದೆ. ಒಳಗಿನ ರಸ್ತೆಯ ತಿರುವಿನಲ್ಲಿ ಒಂದು ಗುಂಡಿ ಇತ್ತು. ಎರಡು ವರ್ಷದಲ್ಲಿ ನಾವೇ ನಾಲ್ಕು ಸಲ ಅದನ್ನು ಮುಚ್ಚಿದ್ದೆವು. ಒಮ್ಮೆ ಮನೆ ಕೆಡವಿದ ಇಟ್ಟಿಗೆ ಚೂರು ಹಾಕಿದೆವು, ಒಮ್ಮೆ ಗರಸು ಮಣ್ಣು, ಒಮ್ಮೆ ಜಲ್ಲಿ ಪುಡಿ, ಕೊನೆಗೆ ಯಾರದೋ ಮನೆ ತಾರಸಿ ಹಾಕಿ ಉಳಿದ ಕಾಂಕ್ರೀಟು. ನಾಲ್ಕೂ ಸಲ ಕಿತ್ತು ಬಂತು.

ಐದನೇ ಸಲ ಮುಚ್ಚೋಕೆ ಹೋದಾಗ ಮಾರ್ಚ್ ತಿಂಗಳು. ಮಳೆ ಬಿದ್ದು ಮೂರು ತಿಂಗಳಾಗಿತ್ತು, ಸುತ್ತಲಿನ ನೆಲ ಒಣಗಿ ಬೂದಿಯಂತಾಗಿತ್ತು. ಆದರೆ ಗುಂಡಿಯ ತಳದಿಂದ ಒಂದು ಹಿಡಿ ಮಣ್ಣು ತೆಗೆದು ಅಮುಕಿದರೆ ರಾಗಿ ಮುದ್ದೆ ಹಾಗೆ ಉಂಡೆಯಾಯಿತು. ಬೆರಳಿಗೆ ತಣ್ಣಗೆ ತಾಗಿತು. ಅಗೆದು ನೋಡಿದರೆ, ಮನೆಯೊಂದಕ್ಕೆ ಹೋಗುವ ನಲ್ಲಿ ಪೈಪಿನ ಜಾಯಿಂಟ್ ಸಣ್ಣಗೆ ಜಿನುಗುತ್ತಿತ್ತು. ಜಾಯಿಂಟ್ ಸರಿ ಮಾಡಿಸಿ, ಒಂದು ವಾರ ಒಣಗಲು ಬಿಟ್ಟು ಮುಚ್ಚಿದೆವು. ಮೂರು ಮಳೆಗಾಲ ಕಳೆದಿದೆ, ಆ ಜಾಗ ಅಲುಗಾಡಿಲ್ಲ.

ಅಲ್ಲಿಂದ ಈಚೆಗೆ ಯಾರು ಗುಂಡಿ ಬಗ್ಗೆ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಮುಚ್ಚುವ ಕೆಲಸ ಆಮೇಲೆ.

ಗುಂಡಿ ಹೇಗೆ ಬೀಳುತ್ತದೆ

ಡಾಂಬರು ರಸ್ತೆಯಲ್ಲಿ ಭಾರ ಹೊರುವುದು ಕೆಳಗಿನ ಜಲ್ಲಿ ಪದರ ಮತ್ತು ಅದರ ಕೆಳಗಿನ ಮಣ್ಣು. ಮೇಲಿನ ಕಪ್ಪು ಪದರ ಬಹುಪಾಲು ಹಳ್ಳಿ ರಸ್ತೆ, ಬಡಾವಣೆ ರಸ್ತೆಗಳಲ್ಲಿ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅದು ಕೊಡೆ ಇದ್ದ ಹಾಗೆ. ಕೊಡೆ ಹರಿದರೆ ನೀರು ಒಳಗೆ ಇಳಿಯುತ್ತದೆ, ಮಣ್ಣು ಮೆತ್ತಗಾಗುತ್ತದೆ. ಮೇಲೆ ಲಾರಿ ಹೋದಾಗ ಚಕ್ರದ ಒತ್ತಡಕ್ಕೆ ಕೆಸರು ನೀರು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ. ಹೀಗೆ ಚಿಮ್ಮುವಾಗ ಜಲ್ಲಿ ಮಧ್ಯದ ಪುಡಿಯನ್ನೂ ಹೊತ್ತು ತರುತ್ತದೆ. ಒಳಗೆ ಪೊಳ್ಳಾಗುತ್ತದೆ. ಒಂದು ದಿನ ಮೇಲಿನ ಪದರ ಕುಸಿಯುತ್ತದೆ.

ನಮ್ಮ ಕಡೆಯ ಜಲ್ಲಿ ಬಹುತೇಕ ಗ್ರಾನೈಟ್ ಜಾತಿಯ ಕಲ್ಲು. ಅದಕ್ಕೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ತುಂಬಾ ದಿನ ನೀರು ನಿಂತರೆ ಕಲ್ಲಿನ ಮೈ ಮೇಲಿನ ಡಾಂಬರು ಬಿಟ್ಟುಕೊಳ್ಳುತ್ತದೆ. ಕಿತ್ತು ಬಂದ ಜಲ್ಲಿ ಬೆಳ್ಳಗೆ ತೊಳೆದಂತೆ ಇದ್ದರೆ ಇದೇ ಕಾರಣ ಅಂತ ತಿಳಿಯಿರಿ.

ಇನ್ನು ಭಾರ. ಗಾಡಿಯ ಒಂದು ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ರಸ್ತೆ ಎಂಜಿನಿಯರುಗಳು ಬಹಳ ಕಾಲದಿಂದ ಬಳಸುತ್ತಿರುವ ಲೆಕ್ಕ ಇದು. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಗೂ ಆಲೆಮನೆಗೂ ಹೋಗುವ ಓವರ್‌ಲೋಡ್ ಟ್ರ್ಯಾಕ್ಟರು, ಲಾರಿಗಳ ಹಾದಿಯಲ್ಲಿ ರಸ್ತೆ ಯಾಕೆ ಬೇಗ ಕೂರುತ್ತದೆ ಅನ್ನೋದು ಇದರಿಂದ ಅರ್ಥ ಆಗುತ್ತೆ ಅಲ್ವಾ? ಬೈಕು ಆಟೊಗಳ ಸಾವಿರ ಓಡಾಟಕ್ಕಿಂತ ಅಂಥ ಒಂದು ಲೋಡು ಜಾಸ್ತಿ ಕೆಡಿಸುತ್ತದೆ.

ಮಳೆಯಲ್ಲಿ ಒಂದು ಸುತ್ತು ಹೋಗಿ

ಮೈಸೂರು, ಮಂಡ್ಯದಲ್ಲಿ ಜೋರು ಮಳೆ ಬರುವುದು ಮುಖ್ಯವಾಗಿ ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ನಿಮ್ಮ ರಸ್ತೆಯಲ್ಲಿ ಒಮ್ಮೆ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮನೆಯ ತಾರಸಿ ಪೈಪು ನೇರ ರಸ್ತೆಗೆ ಬೀಳುತ್ತದೆ, ಚರಂಡಿಗೆ ನೀರು ಹೋಗುತ್ತಿದೆಯೋ ಇಲ್ಲವೋ, ಎಲ್ಲವನ್ನೂ ಬರೆದುಕೊಳ್ಳಿ. ಮಳೆ ನಿಂತು ಅರ್ಧ ಗಂಟೆಯಾದ ಮೇಲೂ ನೀರು ನಿಂತಿರುವ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಮುಂದಿನ ಗುಂಡಿ ಬೀಳುವುದು ಅಲ್ಲೇ.

ಮಳೆ ಕಾಯಲು ಆಗದಿದ್ದರೆ ರಸ್ತೆ ನಡುವೆ ಒಂದು ಬಿಂದಿಗೆ ನೀರು ಸುರಿದು ನೋಡಿ. ಎರಡೂ ಕಡೆ ಬೇಗ ಹರಿದು ಹೋಗಬೇಕು. ರಸ್ತೆಯ ನಡು ಭಾಗ ಅಂಚಿಗಿಂತ ಎತ್ತರ ಇರಬೇಕು. 3.75 ಮೀಟರ್ ಅಗಲದ ರಸ್ತೆಯಾದರೆ ನಡುವಿಗೂ ಅಂಚಿಗೂ ನಾಲ್ಕರಿಂದ ಐದು ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಒಂದು ದಾರ, ಒಂದು ರಸಮಟ್ಟ, ಒಂದು ಟೇಪು ಇದ್ದರೆ ಹತ್ತು ನಿಮಿಷದಲ್ಲಿ ಅಳೆಯಬಹುದು.

ಬೀಳದಂತೆ ನೋಡಿಕೊಳ್ಳುವುದು

ಇದಕ್ಕೆ ಖರ್ಚು ಕಡಿಮೆ, ಫಲ ಜಾಸ್ತಿ. ಆದರೂ ಯಾರೂ ಮಾಡುವುದಿಲ್ಲ. ದಯವಿಟ್ಟು ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

ಮೊದಲು ರಸ್ತೆ ಅಂಚು ನೋಡಿ. ವರ್ಷಗಟ್ಟಲೆ ಮಣ್ಣು, ಹುಲ್ಲು ಸೇರಿ ಅಂಚಿನ ನೆಲ ಡಾಂಬರಿಗಿಂತ ಎತ್ತರ ಆಗಿರುತ್ತದೆ. ನೀರು ಹೊರಗೆ ಹೋಗದೆ ಅಲ್ಲೇ ತಡೆದು ನಿಲ್ಲುತ್ತದೆ. ಸನಿಕೆಯಿಂದ ಆ ದಿಣ್ಣೆಯನ್ನು ಕೆತ್ತಿ, ಹೊರಗೆ ಇಳಿಜಾರು ಮಾಡಿ. ಒಬ್ಬ ಆಳಿನ ಒಂದು ದಿನದ ಕೆಲಸದಿಂದ ನೂರಾರು ಅಡಿ ರಸ್ತೆ ಉಳಿಯುತ್ತದೆ.

ಎರಡನೆಯದು ಚರಂಡಿ. ಕಾಂಕ್ರೀಟ್ ಚರಂಡಿಯ ಗೋಡೆ ರಸ್ತೆಗಿಂತ ಎತ್ತರ ಇರುವುದನ್ನು ಎಷ್ಟೋ ಊರಲ್ಲಿ ನೋಡಿದ್ದೇನೆ. ಚರಂಡಿ ಪಕ್ಕದಲ್ಲೇ ಇದೆ, ನೀರು ಮಾತ್ರ ರಸ್ತೆಯಲ್ಲಿ. ಗೋಡೆಯಲ್ಲಿ ರಸ್ತೆ ಮಟ್ಟಕ್ಕೆ ಮೂರು ನಾಲ್ಕು ಮೀಟರಿಗೊಂದು ಕಿಂಡಿ ಬಿಡಿಸಿಕೊಳ್ಳಿ. ಕಿಂಡಿಗಳಲ್ಲಿ ಎಲೆ, ಪ್ಲಾಸ್ಟಿಕ್ ಕವರು ಸಿಕ್ಕಿಕೊಳ್ಳುತ್ತವೆ. ಏಪ್ರಿಲಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ತೆಗೆಸಿ.

ನಾಲೆ ಬಯಲಿನ ಹಳ್ಳಿಗಳ ಪಾಡು ಬೇರೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಿಟ್ಟರೆ ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ತಿಂಗಳುಗಟ್ಟಲೆ ತುಂಬಿರುತ್ತದೆ. ಗದ್ದೆ ನೀರು ರಸ್ತೆ ಅಡಿಯ ಮಣ್ಣಿಗೆ ಇಳಿಯುತ್ತದೆ. ರಸ್ತೆ ಮತ್ತು ಗದ್ದೆ ಬದುವಿನ ನಡುವೆ ಒಂದು ಸಣ್ಣ ಬಸಿಗಾಲುವೆ ಇದ್ದರೂ ಬಹಳ ಅನುಕೂಲ. ಆ ಕಡೆ ಗದ್ದೆಗೆ ನೀರು ದಾಟಿಸಲು ರಸ್ತೆಯನ್ನು ಅಡ್ಡ ಕಡಿಯುವ ಬದಲು ಎಲ್ಲರೂ ಸೇರಿ ಪಂಚಾಯಿತಿಗೆ ಹೇಳಿ ಒಂದು ಪೈಪು ಹಾಕಿಸಿಕೊಳ್ಳಿ. ಪೈಪಿನ ಮೇಲೆ ಕನಿಷ್ಠ ಎರಡು ಅಡಿ ಮಣ್ಣು ಇರಲಿ.

ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರನ್ನು ಮಾತ್ರ ಡಾಂಬರಿನ ಮೇಲೆ ಓಡಿಸಬೇಡಿ. ಗದ್ದೆ ಕೆಸರಿಗೆ ಮಾಡಿದ ಕಬ್ಬಿಣದ ಚಕ್ರ ಅದು. ಡಾಂಬರಿನ ಮೇಲೆ ಒಂದು ಸಲ ಹೋದರೂ ಸಾಲಾಗಿ ಹಲ್ಲಿನ ಗುರುತು ಬೀಳುತ್ತದೆ. ಪ್ರತಿ ಗುರುತಿನಲ್ಲೂ ಮಳೆ ನೀರು ನಿಲ್ಲುತ್ತದೆ. ಚಕ್ರ ಕಳಚಿ ಟ್ರೈಲರಿನಲ್ಲಿ ಸಾಗಿಸಿ ಅಂತ ಟ್ರ್ಯಾಕ್ಟರಿನವರಿಗೆ ಕೇಳಿಕೊಳ್ಳಿ. ಅವರೂ ಅದೇ ರಸ್ತೆಯಲ್ಲೇ ಮಕ್ಕಳನ್ನು ಸ್ಕೂಲಿಗೆ ಬಿಡುವವರು.

ಹಬ್ಬಗಳ ವಿಷಯ. ಗಣೇಶನ ಪೆಂಡಾಲಿಗೆ, ಮದುವೆ ಶಾಮಿಯಾನಕ್ಕೆ ರಸ್ತೆಯಲ್ಲಿ ಕಬ್ಬಿಣದ ಗೂಟ ಹೊಡೆಯುತ್ತಾರೆ. ಗೂಟ ಕಿತ್ತ ತೂತು ಹಾಗೇ ಉಳಿಯುತ್ತದೆ. ಗೂಟದ ಬದಲು ಮರಳು ತುಂಬಿದ ಡ್ರಮ್ಮಿಗೆ ಕಂಬ ನಿಲ್ಲಿಸಬಹುದು. ಹೊಡೆದೇ ಆಗಿದ್ದರೆ ಅದೇ ಸಂಜೆ ಎಮಲ್ಷನ್ (ಕಾಯಿಸದೆ ಹಚ್ಚುವ ತೆಳು ಡಾಂಬರು) ಮತ್ತು ಜಲ್ಲಿ ಪುಡಿ ತುಂಬಿ ಕುಟ್ಟಿ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವಾಗಲೂ ಡಾಂಬರಿನ ಮೇಲೆ ನೇರ ಹುಲ್ಲು ಹಾಕಿ ಉರಿಸಬೇಡಿ. ಬೆಂಕಿಗೆ ಡಾಂಬರಿನ ಜಿಗುಟು ಸತ್ತುಹೋಗುತ್ತದೆ, ಆಮೇಲೆ ಜಲ್ಲಿ ಉದುರುತ್ತದೆ. ಪಕ್ಕದ ಮಣ್ಣು ನೆಲದಲ್ಲಿ ಮಾಡಿ. ಗ್ಯಾರೇಜ್ ಮುಂದೆ ಸೋರುವ ಡೀಸೆಲ್ಲು, ಆಯಿಲ್ಲು ಕೂಡ ಡಾಂಬರನ್ನು ಕರಗಿಸುತ್ತದೆ. ತಕ್ಷಣ ಮರಳು ಚೆಲ್ಲಿ ಗುಡಿಸಿ ತೆಗೆಯಿರಿ.

ಪೈಪಿಗೆ, ಕೇಬಲ್ಲಿಗೆ ಅಗೆದ ಜಾಗ ದೊಡ್ಡ ತಲೆನೋವು. ಮಣ್ಣನ್ನು ಗೋಪುರದಂತೆ ಮೇಲೆ ಗುಡ್ಡೆ ಹಾಕಿ ಹೋದರೆ ಮೊದಲ ಮಳೆಗೆ ಕುಸಿಯುತ್ತದೆ. ನಿಮ್ಮ ಮನೆ ಮುಂದೆ ಅಗೆಯುವಾಗ ನಿಂತು ನೋಡಿ. ಮಣ್ಣನ್ನು 15 ಸೆಂಟಿಮೀಟರ್ ಪದರದಲ್ಲಿ ಹಾಕಬೇಕು, ಪ್ರತಿ ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು, ಮೇಲಿನ 20 ಸೆಂಟಿಮೀಟರ್ ಜಲ್ಲಿ ಮತ್ತು ಜಲ್ಲಿ ಪುಡಿ ಇರಬೇಕು. ಅದರ ಮೇಲೆ ಡಾಂಬರು. ವಿನಯವಾಗಿ ಕೇಳಿದರೆ ಕೆಲಸದವರು ಮಾಡಿಕೊಡುತ್ತಾರೆ. ಒಂದು ಲೋಟ ಕಾಫಿ ಕೊಟ್ಟು ಕೇಳಿ.

ಬಿರುಕು ಬಿಟ್ಟಾಗ

ಬಿರುಕು ತುಂಬಲು ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ. ರಸ್ತೆ ಒಣಗಿರುತ್ತದೆ, ಮೇ ಮಳೆಗೆ ಮುಂಚೆ ಕೆಲಸ ಮುಗಿಯುತ್ತದೆ.

ಒಂದು ಬೆಂಕಿಕಡ್ಡಿ ತೆಗೆದುಕೊಳ್ಳಿ. ಕಡ್ಡಿ ಒಳಗೆ ಹೋಗದಷ್ಟು ಸಣ್ಣ ಬಿರುಕಾದರೆ, ಗುಡಿಸಿ, ಡಾಂಬರು ಎಮಲ್ಷನ್ನನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ, ಮೇಲೆ ಜಲ್ಲಿ ಪುಡಿ ಉದುರಿಸಿದರೆ ಸಾಕು. ಎಮಲ್ಷನ್ ಅಂದರೆ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಡಾಂಬರು, ಕಾಯಿಸುವ ಅಗತ್ಯ ಇಲ್ಲ. ಡಬ್ಬದಲ್ಲಿ ಕಾಫಿ ಬಣ್ಣ ಇರುತ್ತದೆ. ಹಚ್ಚಿದ ಮೇಲೆ ನೀರು ಬಿಟ್ಟು ಕಪ್ಪಗಾಗುತ್ತದೆ. ಕಪ್ಪಗಾಗುವ ತನಕ ಮೇಲೆ ಗಾಡಿ ಬಿಡಬೇಡಿ.

ಕಡ್ಡಿ ಸಲೀಸಾಗಿ ಹೋಗುವಂತಿದ್ದು, ಕಿರುಬೆರಳಿಗಿಂತ ಸಣ್ಣದಿದ್ದರೆ, ಒಳಗಿನ ಮಣ್ಣು ಹುಲ್ಲನ್ನು ತಂತಿ ಬ್ರಷ್ಷಿನಿಂದ, ಹಳೇ ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆಯಿರಿ. ಪಂಕ್ಚರ್ ಅಂಗಡಿಯ ಗಾಳಿ ಪೈಪು ಸಿಕ್ಕರೆ ಊದಿ. ಸಣ್ಣ ಜಲ್ಲಿ ಪುಡಿ ಮತ್ತು ಎಮಲ್ಷನ್ ಕಲಸಿ, ದೋಸೆ ಹಿಟ್ಟಿನ ಹದಕ್ಕೆ ತಂದು ಸುರಿಯಿರಿ. ಕೂತ ಮೇಲೆ ಇನ್ನೊಂದು ಸಲ ತುಂಬಬೇಕಾಗುತ್ತದೆ. ರಸ್ತೆ ಮಟ್ಟಕ್ಕೆ ಕೆರೆದು ಸರಿ ಮಾಡಿ, ಉಬ್ಬು ಬಿಡಬೇಡಿ.

ಮೊಸಳೆ ಚರ್ಮದಂತೆ ಬಲೆ ಬಲೆಯಾಗಿ ಒಡೆದಿದ್ದರೆ ತುಂಬಿ ಪ್ರಯೋಜನ ಇಲ್ಲ. ಕೆಳಗಿನ ಮಣ್ಣೇ ಸೋತಿದೆ ಅಂತ ಅರ್ಥ. ಅದನ್ನು ಗುಂಡಿ ಅಂತಲೇ ಭಾವಿಸಿ ಕತ್ತರಿಸಿ ತೆಗೆಯಬೇಕು. ನಂಜನಗೂಡು, ತಿ. ನರಸೀಪುರ ಕಡೆಯ ಎರೆ ಮಣ್ಣಿನ ಜಾಗದಲ್ಲಿ ರಸ್ತೆ ಉದ್ದಕ್ಕೂ ಅಂಚಿಗೆ ಒಂದೇ ಗೆರೆಯಂತೆ ಬಿರುಕು ಬರುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲ್ಲಿ ಬಿರುಕು ತುಂಬುವುದರ ಜತೆಗೆ ಅಂಚಿಗೆ ಗರಸು ಹಾಕಿ ಗಟ್ಟಿ ಮಾಡಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ವರ್ಷ ಅದೇ ಗೆರೆ ಬಿಡುತ್ತದೆ.

ಗುಂಡಿ ಮುಚ್ಚುವ ಕೆಲಸ, ಹಂತ ಹಂತವಾಗಿ

ಸಾರ್ವಜನಿಕ ರಸ್ತೆಯಾದರೆ ಮೊದಲು ಪಂಚಾಯಿತಿ ಅಥವಾ ಪಾಲಿಕೆಯ ಎಂಜಿನಿಯರಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ಕೆಳಗೆ ಕೇಬಲ್ಲು, ನೀರಿನ ಪೈಪು ಇರಬಹುದು. ಹೆದ್ದಾರಿಯಲ್ಲಿ ನೀವು ಇಳಿಯಲೇ ಬೇಡಿ, ಪ್ರಾಣಕ್ಕೆ ಅಪಾಯ. ಈ ಕೆಲಸ ಬಡಾವಣೆ ಒಳರಸ್ತೆ, ಹೊಲದ ದಾರಿ, ಇನ್ನೂ ಹಸ್ತಾಂತರ ಆಗದ ಖಾಸಗಿ ಬಡಾವಣೆಗಳಿಗೆ.

ಮೊದಲ ಹಂತ ಕಾವಲು. ಹಗಲು ಹೊತ್ತಿನಲ್ಲೇ ಮಾಡಿ. ಎರಡೂ ಕಡೆ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಕೋನ್ ಅಥವಾ ಕೆಂಪು ಬಟ್ಟೆ ಕಟ್ಟಿದ ಡ್ರಮ್ಮು ಇಡಿ. ಒಬ್ಬರು ಗಾಡಿಗಳನ್ನು ನೋಡಿಕೊಳ್ಳಲಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ಎರಡು, ಗುರುತು. ಗುಂಡಿಯ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಪೊಳ್ಳಾದಲ್ಲಿ ಡಬ್ ಅನ್ನುತ್ತದೆ. ಡಬ್ ಅನ್ನುವಷ್ಟೂ ಹೋಗಬೇಕು. ಅದರ ಆಚೆಗೂ ನಾಲ್ಕೈದು ಇಂಚು ಸೇರಿಸಿ ಚೌಕಾಕಾರದಲ್ಲಿ ಸುಣ್ಣದ ಗೆರೆ ಎಳೆಯಿರಿ.

ಮೂರು, ಕತ್ತರಿಸುವುದು. ಕಟರ್ ಮೆಷಿನ್ ಬಾಡಿಗೆಗೆ ಸಿಗುತ್ತದೆ. ಇಲ್ಲದಿದ್ದರೆ ಉಳಿ, ಸುತ್ತಿಗೆ, ಹಾರೆ. ಬದಿಗಳು ಗೋಡೆಯಂತೆ ನೆಟ್ಟಗಿರಬೇಕು, ಬಾಣಲೆಯಂತೆ ಇಳಿಜಾರು ಬೇಡ. ಇಳಿಜಾರಾಗಿ ಬಿಟ್ಟರೆ ಅಂಚಿನಲ್ಲಿ ಹೊಸ ಮಾಲು (ಡಾಂಬರು ಕಲಸಿದ ಜಲ್ಲಿ) ಕಾಗದದಷ್ಟು ತೆಳ್ಳಗಾಗಿ, ಚಕ್ರಕ್ಕೆ ಸಿಕ್ಕಿ ಎದ್ದುಬಿಡುತ್ತದೆ. ನಾವು ಕತ್ತರಿಸುವಾಗ ಪಕ್ಕದ ಮನೆ ಹುಡುಗ, "ಏನಣ್ಣ, ಮುಚ್ಚೋಕೆ ಬಂದೋರು ಇನ್ನೂ ದೊಡ್ಡದು ಮಾಡ್ತಿದ್ದೀರಲ್ಲ!" ಅಂದ. ದೊಡ್ಡದು ಮಾಡಲೇಬೇಕು. ಹಾಳಾದ ಭಾಗ ಉಳಿಸಿಕೊಂಡು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಗುಂಡಿ ಏಳುತ್ತದೆ.

ನಾಲ್ಕು, ತಳ. ಹಿಮ್ಮಡಿ ಊರಿ ನೋಡಿ. ಒಳಕ್ಕೆ ಹೋದರೆ ಮೆತ್ತಗಿನ ಮಣ್ಣನ್ನೆಲ್ಲ ತೆಗೆಯಿರಿ. ಒಂದು ಹಿಡಿ ಹಿಡಿದು ಅಮುಕಿ ನೋಡಿ. ಒಣ ಕಾಲದಲ್ಲೂ ಉಂಡೆಯಾದರೆ ಅಲ್ಲಿಗೆ ನಿಲ್ಲಿಸಿ, ನೀರಿನ ಮೂಲ ಹುಡುಕಿ. ಒಣಗಿದ್ದರೆ 20 ಎಂ.ಎಂ. ಜಲ್ಲಿ, ಬೇಬಿ ಜಲ್ಲಿ, ಜಲ್ಲಿ ಪುಡಿ ಮೂರನ್ನೂ ಸ್ವಲ್ಪ ನೀರಿನೊಂದಿಗೆ ಕಲಸಿ ಮೂರು ನಾಲ್ಕು ಇಂಚಿನ ಪದರದಲ್ಲಿ ಹಾಕಿ ದಮ್ಮಸ್ಸು ಮಾಡಿ. ಮೇಲೆ 5 ಸೆಂಟಿಮೀಟರ್ ಜಾಗ ಡಾಂಬರಿಗೆ ಬಿಡಿ. ಈ ಪದರ ಒಣಗಬೇಕು, ಒಂದು ದಿನ ಬೇಕಾದರೂ ಕಾಯಿರಿ.

ಐದು, ಗುಡಿಸುವುದು. ಒರಟು ಪೊರಕೆ, ಆಮೇಲೆ ಮೆತ್ತನೆ ಪೊರಕೆ, ಆಮೇಲೆ ಗಾಳಿ. ಬದಿಯ ಗೋಡೆ ಮೇಲೆ ಅಂಗೈ ಒರೆಸಿ ನೋಡಿ. ಅಂಗೈ ಬೆಳ್ಳಗಾದರೆ ಇನ್ನೊಮ್ಮೆ ಗುಡಿಸಿ. ಧೂಳಿದ್ದರೆ ಡಾಂಬರು ರಸ್ತೆಗೆ ಹಿಡಿಯುವುದಿಲ್ಲ, ಧೂಳಿಗೆ ಮಾತ್ರ ಹಿಡಿಯುತ್ತದೆ.

ಆರು, ಎಮಲ್ಷನ್. ಬೇಗ ಕೂರುವ ಆರ್‌ಎಸ್-1 ಜಾತಿಯದು ಇದಕ್ಕೆ ಸರಿ. ಚದರ ಮೀಟರಿಗೆ ಕಾಲು ಕೆಜಿ ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಗುಂಡಿಗೆ ಒಂದು ಟೀ ಗ್ಲಾಸಿನಷ್ಟು. ತಳಕ್ಕೂ ಹಚ್ಚಿ, ಬದಿಗೂ ಹಚ್ಚಿ. ಬದಿ ಮರೆಯುವವರೇ ಜಾಸ್ತಿ, ನೀರು ಮತ್ತೆ ಇಳಿಯುವುದು ಆ ಸಂದಿಯಿಂದಲೇ. ಜಾಸ್ತಿ ಸುರಿದು ಕೆರೆ ಮಾಡಬೇಡಿ, ಮಾಲು ಜಾರುತ್ತದೆ. ಕಾಫಿ ಬಣ್ಣ ಹೋಗಿ ಕಪ್ಪಗಾಗುವ ತನಕ ಕಾಯಿರಿ.

ಏಳು, ಮಾಲು. ಸಣ್ಣ ಕೆಲಸಕ್ಕೆ ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸ್ ಒಳ್ಳೆಯದು. ಬಿಸಿ ಮಾಡಬೇಕಿಲ್ಲ, ಹಾಗೇ ಹಾಕಬಹುದು. ಇಂಥ ಸಿದ್ಧ ಮಾಲಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಐಆರ್‌ಸಿ 116 ಅನ್ನುವ ಮಾನದಂಡ ತಂದಿದೆ. ಕೊಳ್ಳುವಾಗ ಆ ಮಾನದಂಡದ್ದೇ ಅಂತ ಕೇಳಿ. ಎಷ್ಟು ಬೇಕು? 60 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 5 ಸೆಂ.ಮೀ. ಆಳ ಅಂದರೆ 15 ಲೀಟರ್ ಜಾಗ. ಕುಟ್ಟಿದ ಮಾಲು ಲೀಟರಿಗೆ ಸುಮಾರು 2.2 ಕೆಜಿ ತೂಗುತ್ತದೆ. ಹಾಗಾಗಿ 33 ಕೆಜಿ. ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ದೊಡ್ಡ ಕೆಲಸಕ್ಕೆ ಪ್ಲಾಂಟಿನಿಂದ ಬಿಸಿ ಮಾಲು ತರಿಸಬಹುದು. ಟಾರ್ಪಾಲ್ ಮುಚ್ಚಿ ತರಬೇಕು. ವಿಜಿ-30 ಅನ್ನುವ ದರ್ಜೆಯ ಡಾಂಬರಿನ ಮಾಲು ಹರಡುವಾಗ 140 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು, ರೋಲರ್ ಕೆಲಸ 90ಕ್ಕೆ ಇಳಿಯುವ ಮುಂಚೆ ಮುಗಿಯಬೇಕು. ತಣ್ಣಗಾಗಿ ಗಟ್ಟಿಯಾದ ಮಾಲಿಗೆ ಸೀಮೆಎಣ್ಣೆ, ಡೀಸೆಲ್ ಬೆರೆಸಿ ಮೆತ್ತಗೆ ಮಾಡುವುದನ್ನು ಒಪ್ಪಬೇಡಿ. ಆ ತೇಪೆ ಬೇಸಿಗೆ ಬಿಸಿಲಿಗೆ ಚಕ್ರಕ್ಕೆ ಅಂಟಿಕೊಂಡು ಎದ್ದು ಹೋಗುತ್ತದೆ.

ಎಂಟು, ತುಂಬಿ ಕುಟ್ಟುವುದು. ಮೂಲೆಗಳಿಂದ ಶುರು ಮಾಡಿ ನಡುವಿಗೆ ಬನ್ನಿ. 5 ಸೆಂಟಿಮೀಟರಿಗಿಂತ ಆಳ ಇದ್ದರೆ ಎರಡು ಪದರ ಮಾಡಿ, ಪ್ರತಿ ಪದರವನ್ನೂ ಬೇರೆ ಬೇರೆ ಕುಟ್ಟಿ. ಕುಟ್ಟುವುದರಲ್ಲಿ ಕಂಜೂಸ್ ಮಾಡಬೇಡಿ. ನಮ್ಮ ಗುಂಡಿಗೆ ಇಬ್ಬರು ಸರದಿ ಮೇಲೆ ಅರ್ಧ ಗಂಟೆ ಕುಟ್ಟಿದೆವು. ಕೊನೆಗೆ ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿದೆವು. ಎಲ್ಲ ಮುಗಿದ ಮೇಲೆ ತೇಪೆ ರಸ್ತೆಗಿಂತ ಮೂರು ನಾಲ್ಕು ಮಿಲಿಮೀಟರ್ ಎತ್ತರ ಇರಲಿ, ಗಾಡಿ ಓಡಾಟಕ್ಕೆ ಕೂರುತ್ತದೆ.

ಒಂಬತ್ತು, ಅಂಚು. ಹೊಸದು ಹಳೆಯದು ಸೇರುವ ಗೆರೆ ಮೇಲೆ ಎರಡು ಬೆರಳಗಲ ಎಮಲ್ಷನ್ ಹಚ್ಚಿ, ಜಲ್ಲಿ ಪುಡಿ ಉದುರಿಸಿ. ಉಳಿದ ಕಲ್ಲು, ಪುಡಿ ಗುಡಿಸಿ ತೆಗೆದೇ ಹೊರಡಿ. ಬಿಡಿ ಜಲ್ಲಿ ಮೇಲೆ ಬೈಕು ಜಾರಿದರೆ ನಿಮ್ಮ ಶ್ರಮವೆಲ್ಲ ವ್ಯರ್ಥ.

ಮಳೆ ನಡುವೆ ಗುಂಡಿ ಬಿದ್ದರೆ

ಸುಮ್ನೆ ಬಿಡಲು ಆಗುವುದಿಲ್ಲ. ನೀರು ತೋಡಿ ಹಾಕಿ, ಕೆಸರು ತೆಗೆದು, ಜಲ್ಲಿ ಮತ್ತು ಜಲ್ಲಿ ಪುಡಿ ಕಲಸಿ ಗಟ್ಟಿಯಾಗಿ ಕುಟ್ಟಿ. ಇದು ತಾತ್ಕಾಲಿಕ. ನವೆಂಬರ್ ಕಳೆದು ನೆಲ ಒಣಗಿದ ಮೇಲೆ ಎಲ್ಲ ಬಗೆದು ಮೇಲಿನ ಹಂತಗಳಂತೆ ಮಾಡಿ. ಕಟ್ಟಡದ ಡೆಬ್ರಿಸ್ ಮಾತ್ರ ಹಾಕಬೇಡಿ. ಇಟ್ಟಿಗೆ ಚೂರು ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಮಳೆಯಲ್ಲಿ ಕೆಸರು, ಬಿಸಿಲಲ್ಲಿ ಧೂಳು ಆಗುತ್ತದೆ. ಗುಂಡಿ ಇದೆ ಅಂತ ತೋರಿಸಲು ದಪ್ಪ ಕಲ್ಲು ಇಟ್ಟು ಹೋಗುವುದೂ ಬೇಡ. ರಾತ್ರಿ ಆ ಕಲ್ಲೇ ಬೈಕಿನವರನ್ನು ಬೀಳಿಸುತ್ತದೆ. ಹಸಿರು ಸೊಪ್ಪಿನ ಕೊಂಬೆಗೆ ಬಿಳಿ ಬಟ್ಟೆ ಕಟ್ಟಿ ನಿಲ್ಲಿಸಿ.

ಸಿಸಿ ರಸ್ತೆಯಾದರೆ

ಊರೊಳಗಿನ ಬೀದಿಗಳೆಲ್ಲ ಈಗ ಕಾಂಕ್ರೀಟು. ಇಲ್ಲಿ ಬಿರುಕು ಬರಲು ಮುಖ್ಯ ಕಾರಣ ಎರಡು. ನೀರು ಉಣಿಸದಿರುವುದು, ಜಾಯಿಂಟ್ (ಸಂದು) ಬಿಡದಿರುವುದು. ಹೊಸ ರಸ್ತೆ ಹಾಕಿದಾಗ ಒದ್ದೆ ಗೋಣಿಚೀಲ ಹೊದಿಸಿ 14 ದಿನ ನೀರು ಹಾಕಬೇಕು. ನಾಲ್ಕೂವರೆ ಮೀಟರಿಗೊಂದು ಅಡ್ಡ ಜಾಯಿಂಟ್ ಕತ್ತರಿಸಬೇಕು. ಬೀದಿಯವರು ಸರದಿ ಹಾಕಿಕೊಂಡು ನೀರು ಹಾಕಿದರೆ ನಿಮ್ಮದೇ ರಸ್ತೆ ಬಾಳುತ್ತದೆ.

ಕಾಂಕ್ರೀಟಿನ ಗುಂಡಿಗೆ ಮೇಲೆ ತೆಳ್ಳಗೆ ಸಿಮೆಂಟು ಬಳಿದರೆ ಹಪ್ಪಳದಂತೆ ಏಳುತ್ತದೆ. ಕನಿಷ್ಠ ಎರಡು ಇಂಚು ಆಳ ಚೌಕವಾಗಿ ಕತ್ತರಿಸಿ, ತೊಳೆದು, ನಿಂತ ನೀರು ಒರೆಸಿ, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುಂಚೆಯೇ ಬೇಬಿ ಜಲ್ಲಿಯ ಗಟ್ಟಿ ಕಾಂಕ್ರೀಟು ತುಂಬಿ. ಹೊಸದಕ್ಕೂ ನೀರು ಉಣಿಸಿ. ಡಾಂಬರು ರಸ್ತೆಯ ಗುಂಡಿಗೆ ಮಾತ್ರ ಕಾಂಕ್ರೀಟು ಬೇಡ. ಡಾಂಬರು ಭಾರಕ್ಕೆ ಸ್ವಲ್ಪ ಬಾಗುತ್ತದೆ, ಕಾಂಕ್ರೀಟು ಬಾಗುವುದಿಲ್ಲ, ಸುತ್ತ ಬಿರುಕು ಬಿಡುತ್ತದೆ. ನಮ್ಮ ನಾಲ್ಕನೇ ಸಲದ ಕೆಲಸದಲ್ಲಿ ಆದದ್ದೂ ಅದೇ.

ದೂರು ಕೊಡುವಾಗ

ನಿಮ್ಮ ಕೈ ಮೀರಿದ ಗುಂಡಿಗೆ ದೂರು ಕೊಡಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ರಾಷ್ಟ್ರೀಯ ಹೆದ್ದಾರಿಗಾದರೆ 1033. ಬರೀ "ರಸ್ತೆ ಸರಿ ಇಲ್ಲ" ಅಂದರೆ ಪ್ರಯೋಜನ ಕಡಿಮೆ. ಗುಂಡಿ ಪಕ್ಕ ಟೇಪು ಹಿಡಿದು ಫೋಟೊ ತೆಗೆಯಿರಿ, ಉದ್ದ, ಅಗಲ, ಆಳ ಬರೆಯಿರಿ, ಹತ್ತಿರದ ಗುರುತು ಹೇಳಿ, ನೀರು ಎಲ್ಲಿಂದ ಬರುತ್ತಿದೆ ಅನ್ನೋದನ್ನೂ ಸೇರಿಸಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹೊಸ ರಸ್ತೆಯಾದರೆ ಗುತ್ತಿಗೆದಾರರ ನಿರ್ವಹಣೆ ಅವಧಿ ಇನ್ನೂ ಇದೆಯಾ ಕೇಳಿ, ಆ ಅವಧಿಯಲ್ಲಿ ರಿಪೇರಿ ಅವರದೇ ಹೊಣೆ.

ಆಮೇಲಿನ ಒಂದು ಮಳೆ

ಮುಚ್ಚಿದ ಮೇಲೆ ಮೊದಲ ಜೋರು ಮಳೆಗೆ ಮತ್ತೆ ಅಲ್ಲಿಗೆ ಹೋಗಿ. ತೇಪೆ ಮೇಲೆ ನೀರು ನಿಂತಿದ್ದರೆ ಅದು ಕೂತಿದೆ, ಇನ್ನೊಂದು ತೆಳು ಪದರ ಬೇಕು. ಪಕ್ಕದಲ್ಲಿ ನಿಂತಿದ್ದರೆ ಅಂಚಿನ ಮಣ್ಣು ಇನ್ನಷ್ಟು ಕೆತ್ತಬೇಕು. ಸೇರುವ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಬಿಸಿಲು ಬಂದು ಒಣಗಿದ ದಿನವೇ ಉಳಿದ ಎಮಲ್ಷನ್ ಡಬ್ಬ ತೆಗೆದು ಒಂದು ಕೋಟು ಹಚ್ಚಿ. ಡಬ್ಬದ ಮುಚ್ಚಳ ಬಿಗಿ ಮಾಡಿ ನೆರಳಿನಲ್ಲಿಡಿ, ಮುಂದಿನ ಬಾರಿ ತೆಗೆದಾಗ ಚೆನ್ನಾಗಿ ಕಲಕಿ ಬಳಸಿ.